ಕಿರುಗುಟ್ಟುವ ಪಂಪೇ ಬೇಕು

ಹೆಣ್ಣು ನೋಡಲು ಹೋಗಿ ಐದೇ ನಿಮಿಷದಲ್ಲಿ ನಮ್ಮತ್ತೆಯನ್ನು ಒಪ್ಪಿಕೊಂಡು ಬಂದ ಸೋದರಮಾವ, ಒಂದು ಕೈಪಂಪನ್ನು ಒಪ್ಪಿಕೊಳ್ಳಲು ಮೂರು ತಿಂಗಳು ತೆಗೆದುಕೊಂಡರು! ಅಂದಿನ ಆತುರಕ್ಕೆ ಪಂಪಿನ ಮೇಲೆ ಸೇಡು ತೀರಿಸಿಕೊಂಡರೋ ಏನೋ, ದೇವರೇ ಬಲ್ಲ.

ವಯನಾಡು ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಇನ್ನೇನು ಕರೆಂಟು ಬಂದೇಬಿಟ್ಟಿತು ಎಂದು ಊರೆಲ್ಲ ಬಲ್ಬು ಕೊಂಡಿಟ್ಟುಕೊಳ್ಳುತ್ತಿದ್ದಾಗ, ಮಾವ ಕಾಟ್ಟಿಕುಳದ ಕಿರಾಣಿ ಅಂಗಡಿ ಮುಚ್ಚಿ, ತೋಲ್ಪೆಟ್ಟಿಯ ಕಾಡಂಚಿನ ಮೆಣಸಿನ ತೋಟದಲ್ಲಿ, ಕಂಬವೂ ತಲುಪದ ಕಡೆ ಎರಡು ಕೋಣೆ ಕಟ್ಟಿಕೊಂಡರು. ನೀರಿಗೆ ಇಳಿಜಾರಿನ ಕೆಳಗಿನ ಹಳ್ಳ. ಮೊದಲ ಮಳೆಗಾಲದಲ್ಲೇ ಅತ್ತೆ ಅಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮೇಲಿನ ತೋಟದಲ್ಲಿದ್ದ ಮಾವನಿಗೆ ಗೊತ್ತಾದದ್ದು ಮಧ್ಯಾಹ್ನ ಊಟಕ್ಕೆ ಬಂದಾಗಲೇ. ಕಾಲು ಕೂಡಿಕೊಂಡಿತು, ಅಂಗಳದಲ್ಲೇ ಬಾವಿ ತೆಗೆಸಿದ್ದೂ ಆಯಿತು. ಇನ್ನು ಬೇಕಾದದ್ದು ಪಂಪು.

ಮೂರು ತಿಂಗಳು ಒಬ್ಬರೇ ಅಲೆದು, ಕೊನೆಗೆ ಮಾನಂತವಾಡಿಯ ಅಂಗಡಿಗಳಿಗೆ ನನ್ನನ್ನೂ ಎಳೆದುಕೊಂಡು ಹೋದರು. ನೀರು ಎಷ್ಟು ಬರುತ್ತದೆ, ವಾಷರ್ ಎಷ್ಟು ಬಾಳುತ್ತದೆ ಎಂದು ಕೇಳುವುದು ಲೋಕರೂಢಿ. ನಮ್ಮವರು? ಹಿಡಿಯನ್ನು ನಾಲ್ಕು ಸಲ ಒತ್ತಿ, ಕಣ್ಣು ಮುಚ್ಚಿ ಕಿವಿಗೊಟ್ಟು ನಿಂತರು!

“ಇದು ಸದ್ದೇ ಮಾಡಲ್ವಲ್ಲ?”

“ಇಲ್ಲ ಚೇಟ್ಟಾ, ಒಟ್ಟುಂ ಇಲ್ಲ, ಚೂರೂ ಇಲ್ಲ! ಹೊಸ ಮಾಲು,” ಎಂದ ಅಂಗಡಿಯವ ಹೆಮ್ಮೆಯಿಂದ.

“ಹಂಗಾದ್ರೆ ವೇಂಡ,” ಎಂದು ಮಾವ ಹೊರಟೇಬಿಟ್ಟರು.

ಮೂರನೆಯ ಅಂಗಡಿಯವನಿಗೆ ರೇಗಿತು. “ಇದು ನೀರಿನ ಪಂಪು ಚೇಟ್ಟಾ. ಹಾರ್ಮೋನಿಯಂ ಬೇಕಾದ್ರೆ ಆಚೆ ಬೀದಿಗೆ ಹೋಗಿ!”

ಮಾವ ನಿಜವಾಗಿಯೂ ಆಚೆ ಬೀದಿಗೆ ಹೋದರು! ಅಲ್ಲಿದ್ದದ್ದು ಗುಜರಿ ಅಂಗಡಿ. ಸಿಕ್ಕಿತು ನೋಡಿ, ತುಕ್ಕು ಹಿಡಿದ ಮುದಿ ಪಂಪೊಂದು. ಒಂದು ಸಲ ಒತ್ತಿದ್ದಕ್ಕೇ ‘ಕಿರ್ರೋ’ ಎಂದಿತು, ಇಡೀ ಬೀದಿ ತಿರುಗಿ ನೋಡಿತು. ಮಾರುವವನೇ ನಾಚಿಕೊಂಡ, ಮಾವನ ಮುಖ ಮಾತ್ರ ಅರಳಿತು.

ಪಂಪು ಕೂರಿಸಿದ ಮಾರ ಪಕ್ಕದ ಹಾಡಿಯವನು, ಒಳ್ಳೆಯ ಮನುಷ್ಯ. “ಪಂಪು ಅಳ್ತಾ ಅದೆ ಅಣ್ಣಾ, ಒಸಿ ಎಣ್ಣೆ ಬಿಟ್ಟೆ,” ಎಂದ. ಮಾವ ಸಿಡಿದೆದ್ದು, ಸೀಗೆಪುಡಿ ಹಾಕಿ ಪಂಪಿಗೆ ತಲೆಸ್ನಾನ ಮಾಡಿಸಿದರು! ಮೂರು ದಿನ ಪಂಪು ಮಾತಾಡಲಿಲ್ಲ, ಮಾವನೂ ಮಾರನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಪಂಪು ‘ಕಿರ್ರೋ’ ಎಂದಿತು. ಮಾರನನ್ನು ಕರೆದು ಕಾಫಿ ಕೊಟ್ಟರು.

ಆ ಬೇಸಿಗೆಯಲ್ಲಿ ನಾನು ಹೋದಾಗ, ಪಂಪಿನ ಬಾಯಿ ಮುಚ್ಚಿಸಲೆಂದು ಚೀಲದಲ್ಲಿ ಗ್ರೀಸಿನ ಡಬ್ಬ ಬಚ್ಚಿಟ್ಟುಕೊಂಡಿದ್ದೆ. ಮಾವ ತೋಟದಲ್ಲಿದ್ದರು. ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ಕೊಡ ತುಂಬಲು ಎದ್ದರು. ಅವರನ್ನು ಕೂರಿಸಿ ನಾನೇ ದಬದಬನೆ ಒತ್ತತೊಡಗಿದೆ. ಅರ್ಧ ಕೊಡವೂ ತುಂಬಿರಲಿಲ್ಲ, ಮೆಣಸಿನ ಬಳ್ಳಿಗಳ ನಡುವಿನಿಂದ ಮಾವ ಓಡಿ ಬಂದರು, ಬರಿಗಾಲಲ್ಲಿ, ಏದುಸಿರು ಬಿಡುತ್ತ.

“ಏನಾಯ್ತು? ಎಲ್ಲಿ ಅವಳು?”

“ಇಲ್ಲೇ ಇದೀನಲ್ಲ!” ಎಂದರು ಅತ್ತೆ.

ಮಾವ ಜಗುಲಿಯ ಅಂಚಿಗೆ ಕುಸಿದು ಕುಳಿತರು. “ಯಾರ್ಲಾ ನಿಂಗೆ ಪಂಪು ಮುಟ್ಟು ಅಂದಿದ್ದು? ಅವಳು ಮೂರು ಸಲ ಒತ್ತಿ ಒಂದ್ಸಲ ನಿಲ್ಲಿಸ್ತಾಳೆ, ಕಾಲು ನೋಯ್ತದೆ. ನೀನು ಹಿಂಗೆ ಬಡಿದ್ರೆ ನಾನು ಏನಂದ್ಕೊಳ್ಳಲಿ? ಅವತ್ತು ಹಳ್ಳದಲ್ಲಿ ಬಿದ್ದು ಅವಳು ಕೂಗಿದ್ದು ನಂಗೆ ಕೇಳಿಸ್ಲಿಲ್ಲ ಮಗಾ…”

ಅತ್ತೆ ತಲೆ ತಗ್ಗಿಸಿ ಅಕ್ಕಿ ಆರಿಸುತ್ತಲೇ ಹೇಳಿದರು, “ನೀರು ಬೇಡದಿದ್ರೂ ಆಗಾಗ ಒತ್ತಿ ಬರ್ತೀನಿ ಕಣೋ. ಇಲ್ದಿದ್ರೆ ಇವ್ರಿಗೆ ಕೆಲ್ಸ ಓಡಲ್ಲ.”

ಇಷ್ಟು ದಿನ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು. ಗ್ರೀಸಿನ ಡಬ್ಬವನ್ನು ಚೀಲದ ತಳಕ್ಕೆ ತುರುಕಿದೆ. ಅತ್ತೆ ಎದ್ದು ಹೋಗಿ ಉಳಿದರ್ಧ ಕೊಡ ತಾವೇ ತುಂಬಿದರು. ಮೂರು ಸಲ ‘ಕಿರ್ರೋ’, ಒಂದು ಬಿಡುವು. ಅದನ್ನು ಕೇಳಿದ ಮೇಲೆಯೇ ಮಾವ ಎದ್ದು ತೋಟಕ್ಕೆ ಹೊರಟರು.