ಊಟದ ಮೇಜಿನೆದುರಿನ ಐರಿಷ್ ಕುಡುಕರು

ಹಳೆಯ ಚಿತ್ರ ಎಲ್ಲಿ ಅಗ್ಗಕ್ಕೆ ಸಿಕ್ಕರೂ ತಂದು ಗೋಡೆಗೆ ನೇತುಹಾಕುವ ಚಟ ನನ್ನದು. ಚಿತ್ರದಲ್ಲಿ ಏನಿದೆ ಅನ್ನುವುದನ್ನು ಆಮೇಲೆ ನೋಡಿಕೊಂಡರಾಯಿತು ಅನ್ನುವ ಜಾತಿಯವನು. ಬೇರೆ ಚಟ ಯಾವುದೂ ಇಲ್ಲ, ಬೇಕಾದರೆ ನನ್ನ ಹೆಂಡತಿ ಸುಮಾಳನ್ನೇ ಕೇಳಿ. ಕಾಫಿಗೆ ಡಿಕಾಕ್ಷನ್ ಒಂಚೂರು ಜಾಸ್ತಿಯಾದರೂ ಎದೆ ಹೊಡೆದುಕೊಳ್ಳುತ್ತದೆ ನನಗೆ.

ಫಾಸ್ಟರ್ ಸಿಟಿಯ ನಮ್ಮ ಬೀದಿಯಲ್ಲೇ ಯಾರೋ ಮನೆಯ ಹಳೆ ಸಾಮಾನು ಮಾರುತ್ತಿದ್ದ ಗರಾಜ್ ಸೇಲಿನಲ್ಲಿ ಒಂದು ಕಪ್ಪು-ಬಿಳುಪು ಚಿತ್ರ ಸಿಕ್ಕಿತು, ಹತ್ತೊಂಬತ್ತನೆಯ ಶತಮಾನದ್ದಂತೆ. ಒಬ್ಬ ಪಿಟೀಲು ಬಾರಿಸುತ್ತಿದ್ದಾನೆ, ಇನ್ನೊಬ್ಬ ಬೆಂಚು ಹತ್ತಿ ಕುಣಿಯುತ್ತಿದ್ದಾನೆ, ಮತ್ತೊಬ್ಬ ಬಾಯಿ ತೆರೆದುಕೊಂಡು ನೆಲದ ಮೇಲೆ ಮಲಗಿದ್ದಾನೆ, ನಡುವೆ ದೊಡ್ಡ ಪೀಪಾಯಿ. ಯಾವುದೋ ಹಳ್ಳಿ ಮದುವೆ ಅಂದುಕೊಂಡೆ. ಪೀಪಾಯಿಯಲ್ಲಿ ಪಾನಕ ಇರಬೇಕು. ಮಲಗಿದವನು ಹೆಣ್ಣಿನ ತಂದೆ ಇರಬೇಕು, ಪಾಪ, ಓಡಾಡಿ ಸುಸ್ತಾಗಿದ್ದಾನೆ. ಊಟದ ಮೇಜಿನ ಎದುರಿಗೇ ಹಾಕಿದೆ. ಸತ್ಯನಾರಾಯಣ ಪೂಜೆಗೆ ಬಂದವರೆಲ್ಲ ಅದರ ಕೆಳಗೆ ಕೂತೇ ಪ್ರಸಾದ ತಿಂದು ಹೋದರು.

ಕಾಲೇಜಿನಲ್ಲಿ ಇತಿಹಾಸ ಓದುವ ಮಗಳು ಅದಿತಿ ರಜೆಗೆ ಬಂದವಳು, ಅದನ್ನು ನೋಡಿ ಅರ್ಧ ದೋಸೆ ಬಿಟ್ಟು ಎದ್ದಳು. “ಅಪ್ಪಾ, ದಿಸ್ ಈಸ್ ಆಫುಲ್. ಇವರೆಲ್ಲ ಐರಿಷ್. ಕುಡುಕರು ಅಂತ ಮಾಕ್ ಮಾಡಿರೋದು” ಅಂದಳು. ಆಗಿನ ಪತ್ರಿಕೆಗಳಲ್ಲಿ ಅವರನ್ನು ಹೀಗೇ ಬರೆಯುತ್ತಿದ್ದರಂತೆ, ಕೋತಿಯ ದವಡೆ, ಜೇಬಿನಲ್ಲಿ ಸೀಸೆ. ಕನ್ನಡಕ ಹಾಕಿಕೊಂಡು ನೋಡಿದೆ. ಹೆಣ್ಣಿನ ತಂದೆಯ ಜೇಬಿನಲ್ಲೂ ಸೀಸೆ ಇತ್ತು.

ಅವತ್ತು ಸಂಜೆ ಪಕ್ಕದ ಮನೆಯ ಬ್ರೆಂಡನ್ ಮೊದಲ ಸಲ ನಮ್ಮಲ್ಲಿಗೆ ಊಟಕ್ಕೆ ಬರುವವನಿದ್ದ. ಅವನಜ್ಜ ಐರ್ಲೆಂಡಿನವರು. ನಾವು ಊರಿಗೆ ಹೋದಾಗಲೆಲ್ಲ ಮನೆ ಕೀಲಿ ಇಟ್ಟುಕೊಂಡು, ನಮ್ಮ ಕರಿಬೇವಿನ ಗಿಡಕ್ಕೆ ನೀರು ಹಾಕಿ ಉಳಿಸಿದ ಪುಣ್ಯಾತ್ಮ. ಅಂಥ ನೆರೆಯವನನ್ನು ಒಂದು ಚಿತ್ರದ ದೆಸೆಯಿಂದ ಕಳೆದುಕೊಳ್ಳುವುದು ನನ್ನ ಕೈಲಾಗದ ಮಾತು.

ಚಿತ್ರ ಗರಾಜಿಗೆ ಹೋಯಿತು, ಆ ಮೊಳೆಗೆ ಪಂಚಾಂಗದ ಕ್ಯಾಲೆಂಡರು ಬಂತು. ಆದರೂ ಸಮಾಧಾನವಾಗಲಿಲ್ಲ. ಅವನಿಗೆ ಏನಾದರೂ ಮರ್ಯಾದೆ ಮಾಡಬೇಕಲ್ಲ ಎಂದು ಗ್ರೋಸರಿ ಅಂಗಡಿಗೆ ಓಡಿ, ಜೀವನದಲ್ಲಿ ಮೊದಲ ಬಾರಿಗೆ ಒಂದು ವಿಸ್ಕಿ ಬಾಟಲು ತಂದೆ.

“ಇದ್ಯಾಕ್ರೀ?” ಅಂದಳು ಸುಮಾ.

“ಐರಿಷ್ ಅಲ್ವೇನೇ, ಬೇಕಾಗುತ್ತೆ.”

ಅದಿತಿ ಬಾಟಲನ್ನೂ ನೋಡಿದಳು, ನನ್ನನ್ನೂ ನೋಡಿದಳು, ರೂಮಿಗೆ ಹೋದಳು.

ಬ್ರೆಂಡನ್ ಬಂದು ಕೂತ. ಬಾಟಲನ್ನು ಅವನ ಮುಂದಕ್ಕೆ ಸರಿಸಿದೆ. “ಥ್ಯಾಂಕ್ಸ್, ನಾನು ಕುಡಿಯೋದಿಲ್ಲ, ನಮ್ಮಪ್ಪನೂ ಮುಟ್ಟಿದವರಲ್ಲ” ಅಂದ. ಆಮೇಲೆ ಬಹಳ ಮೆತ್ತಗೆ, “ನೀವು ತಗೊಳ್ಳಿ, ನನಗೋಸ್ಕರ ತಡ್ಕೋಬೇಡಿ” ಅಂದ. ನಿನಗೇ ತಂದದ್ದು ಅಂದರೆ ಯಾಕೆ ಅಂತ ಕೇಳುತ್ತಾನೆ. ಯಾಕೆ ಅಂತ ಹೇಳಿದರೆ ಗರಾಜಿನಿಂದ ಚಿತ್ರವನ್ನು ನಾನೇ ಮತ್ತೆ ಹೊತ್ತು ತಂದಂತಾಗುತ್ತದೆ. ಬಾಟಲನ್ನು ಮೆಲ್ಲಗೆ ನನ್ನ ಕಡೆಗೇ ಎಳೆದುಕೊಂಡೆ. ಅವನಿಗೆ ಇನ್ನೊಂದು ಲೋಟ ಮಜ್ಜಿಗೆ ಬಗ್ಗಿಸುತ್ತಾ ಸುಮಾ, “ಎಷ್ಟು ಹೇಳಿದರೂ ಕೇಳಲ್ಲ ಇವರು” ಎಂದು ಇಂಗ್ಲಿಷಿನಲ್ಲೇ ನಿಟ್ಟುಸಿರು ಬಿಟ್ಟಳು.

ನೆರೆತನವೇನೋ ಉಳಿಯಿತು, ಇನ್ನೂ ಗಟ್ಟಿಯಾಯಿತು ಅನ್ನಬೇಕು. ಈಗ ಬೆಳಿಗ್ಗೆ ಕಸದ ಡಬ್ಬಿ ಹೊರಗಿಡುವಾಗ ಬ್ರೆಂಡನ್ ಹತ್ತಿರ ಬಂದು, ಹೆಗಲ ಮೇಲೆ ಕೈಯಿಟ್ಟು, “ಹೇಗಿದ್ದೀರಿ, ನಿಜ ಹೇಳಿ” ಎಂದು ಕೇಳುತ್ತಾನೆ.

“ಪರವಾಗಿಲ್ಲ,” ಅನ್ನುತ್ತೇನೆ ನಾನು, “ಈಗ ಕಡಿಮೆ ಮಾಡಿದ್ದೀನಿ.”