ಮೊಟ್ಟೆ ಹುಡುಕುವ ಎರಡು ಹನಿ

ಮೂಡಿಗೆರೆಯಲ್ಲಿ ಕೂತು ಸಂಶೋಧನೆ ಮಾಡುವವನಿಗೆ ಪ್ರಯೋಗ ಕೈಕೊಟ್ಟರೂ ಪಜೀತಿ ಕೈಕೊಡುವುದಿಲ್ಲ. ನಮ್ಮದು ಪ್ರಾಣಿಗಳ ಸಂತಾನದ ಬಗ್ಗೆ ಅಧ್ಯಯನ ಮಾಡುವ ಪುಟ್ಟ ಲ್ಯಾಬು. ಹಂದಿಯ ಹೊಟ್ಟೆಯೊಳಗಿನ ಅಂಡಾಣು, ಅಂದರೆ ಮುಂದೆ ಮರಿಯಾಗುವ ಸೂಕ್ಷ್ಮ ಮೊಟ್ಟೆ, ಅದರಲ್ಲಿ ಒಂದು ಪ್ರೋಟೀನ್ ಇದೆ. ಅದನ್ನು ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿ ಎಂಬ ದ್ರವವನ್ನು ಹೊರದೇಶದಿಂದ ತರಿಸಿದೆವು. ಎಲ್ಲಾ ಶುರುವಾಗಿದ್ದು ಅಲ್ಲಿಂದ.

೧. ಪಾರ್ಸೆಲ್

ಕೊರಿಯರ್ ಆಫೀಸಿಗೆ ಬಂದಿದ್ದು ಟೀವಿಯಷ್ಟು ದೊಡ್ಡ ಥರ್ಮಾಕೋಲ್ ಪೆಟ್ಟಿಗೆ. ಅಲ್ಲೇ ಬಿಚ್ಚಿದೆ. ಮೇಲೆ ಐಸ್, ಕೆಳಗೆ ಐಸ್, ನಡುವೆ ಕಿರುಬೆರಳ ತುದಿಯಷ್ಟು ಶೀಶೆ, ಅದರ ತಳದಲ್ಲಿ ಎರಡು ಹನಿ. ಬಗ್ಗಿ ನೋಡಿದ ಕೊರಿಯರಿನವರ ಮುಖ ಸಪ್ಪಗಾಯಿತು.

"ಸಾರ್, ನಾವು ಮುಟ್ಟಿಲ್ಲ. ಉಳಿದಿದ್ದನ್ನ ದಾರೀಲಿ ಯಾರೋ ಕುಡ್ದಿರ್ಬೇಕು."

೨. ಟೀಚರ ಫ್ರಿಜ್

ಅದೇ ವಾರ ಲ್ಯಾಬಿನ ಫ್ರಿಜ್ ಕೆಟ್ಟಿತು. ಶೀಶೆ ಬಿಸಿಯಾದರೆ ನನ್ನ ಎರಡು ವರ್ಷದ ಕೆಲಸ ಹಾಳು. ನಮ್ಮ ಮನೆ ಓನರ್ ರಿಟೈರ್ಡ್ ಟೀಚರ್, ಮೊಟ್ಟೆಯನ್ನು ಗೇಟಿನೊಳಗೂ ಬಿಡದವರು. ಬೇರೆ ದಾರಿಯಿಲ್ಲದೆ ಅವರ ಫ್ರಿಜ್ಜಿನಲ್ಲೇ ಜಾಗ ಕೇಳಿದೆ.

"ಅದ್ರಲ್ಲಿ ಮೊಟ್ಟೆ ಇದ್ಯಾ?"

"ಇಲ್ಲ ಟೀಚರ್. ಮೊಟ್ಟೆ ಎಲ್ಲಿದೆ ಅಂತ ಹುಡುಕಿ ಕೊಡುತ್ತೆ."

ಖುಷಿಯಿಂದ ಒಪ್ಪಿದರು. ಮರುದಿನ ಬೆಳಿಗ್ಗೆ ನನ್ನ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಬೇಕರಿ ಕೇಕಿನ ತುಂಡು.

"ಮೊಟ್ಟೆ ಹಾಕಿಲ್ಲ ಅಂತ ಹೇಳಿ ಕೊಟ್ಟಿದಾನೆ. ಒಂದು ಹನಿ ಬಿಟ್ಟು ನೋಡು."

"ಇದಕ್ಕೆ ಕೋಳಿ ಮೊಟ್ಟೆ ಗೊತ್ತಾಗಲ್ಲ ಟೀಚರ್. ಹಂದೀದು ಮಾತ್ರ."

ಅವರು ಕೇಕನ್ನು ಇನ್ನಷ್ಟು ಮುಂದೆ ಚಾಚಿದರು.

"ಹಾಗಾದ್ರೆ ಅದನ್ನೂ ನೋಡ್ಬಿಡು. ಆ ಬೇಕರಿಯವನನ್ನ ನಂಬಕ್ಕಾಗಲ್ಲ."

೩. ಬಣಕಲ್ಲಿನ ಹಂದಿ ಅಂಗಡಿ

ಆಂಟಿಬಾಡಿ ಉಳಿಯಿತು. ಪರೀಕ್ಷೆಗೆ ಹಂದಿಯ ಅಂಡಾಶಯ ಬೇಕು. ಭಾನುವಾರ ಫ್ಲಾಸ್ಕ್ ಹಿಡಿದು ಬಣಕಲ್ಲಿನ ಮಾಂಸದಂಗಡಿಗೆ ಹೋದೆ.

"ಬಿಸಾಕೋದನ್ನ ಕೇಳ್ತೀರಲ್ಲ ಮಾರಾಯ್ರೆ," ಎಂದು ಅಂಗಡಿಯವರು ನಗುತ್ತಲೇ ಕೊಟ್ಟರು.

ಮೂರು ಭಾನುವಾರ ಹೀಗೇ ನಡೆಯಿತು. ನಾಲ್ಕನೆಯ ವಾರ ಕೈ ಅಲ್ಲಾಡಿಸಿಬಿಟ್ಟರು. "ಖಾಲಿ ಸಾರ್. ಓದಿದವ್ರು ಫ್ಲಾಸ್ಕಲ್ಲಿ ತುಂಬ್ಕೊಂಡು ಹೋಗ್ತಾರಲ್ಲ, ಯಾಕೆ ಅಂತ ಕಾಫಿ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಕೇಳಿದ್ರು. ಶಕ್ತಿಗೆ ಇರ್ಬೇಕು ಅಂದೆ. ಹೋದ ವಾರ ನೀವು ಬಿಟ್ಟುಹೋಗಿದ್ದನ್ನ ಒಯ್ದ್ರು. ಇವತ್ತು ಬೆಳಿಗ್ಗೇನೇ ಬಂದು ಎಲ್ಲಾ ಕಟ್ಟಿಸ್ಕೊಂಡ್ರು."

ಲ್ಯಾಬಿನಲ್ಲಿ ನನ್ನ ಸಂಶೋಧನೆಯ ಗೈಡ್ ಕಾಯುತ್ತಿದ್ದರು. ಬೈಕ್ ತಿರುಗಿಸಿ ಸೀದಾ ಎಸ್ಟೇಟಿನವರ ಸಾಲುಮನೆಗಳಿರುವ ಲೈನಿಗೆ ಹೋದೆ. ಅರವತ್ತರ ಹತ್ತಿರದ ರೈಟರು ಅಂಗಳದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಒಳಗಿನಿಂದ ಕಾಳುಮೆಣಸಿನ ಘಮ.

"ರೈಟರೆ, ಅದು ತಿನ್ನೋದಕ್ಕಲ್ಲ. ಔಷಧಿ ಹಾಕಿ ಮೈಕ್ರೋಸ್ಕೋಪಲ್ಲಿ ನೋಡೋದಕ್ಕೆ. ಅದು ಹೆಣ್ಣು ಹಂದಿಯ ಅಂಡಾಶಯ."

ಅವರ ಕೈ ನಿಂತಿತು.

"ಹೆಣ್ಣು ಹಂದೀದಾ?"

"ಹೌದು."

ಅಡುಗೆಮನೆಯ ಕಡೆ ಒಮ್ಮೆ ನೋಡಿ ಅವರು ದನಿ ತಗ್ಗಿಸಿದರು. "ಅದಕ್ಕೇ ಇರ್ಬೇಕು ಸಾರ್. ಹೋದ ವಾರ ಬಟ್ಟಲು ತುಂಬ ತಿಂದ್ರೂ ನಂಗೇನೂ ಆಗ್ಲಿಲ್ಲ. ರುಚಿ ನೋಡಕ್ಕೆ ಅಂತ ಒಂದೇ ತುಂಡು ತಿಂದ್ಳು ನನ್ನ ಹೆಂಡ್ತಿ. ಅವತ್ತಿಂದ ಬೆಳ್ಳುಳ್ಳಿ ಸುಲೀತಿರೋದು ನಾನು."