ಮೇಷ್ಟ್ರ ವಿಮಾನದ ಬಾಲದ ಚಕ್ರ

ಕೆಲವರ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರೂ ಸಾಕು, ಏನಾದರೊಂದು ನಡೆದೇ ನಡೆಯುತ್ತದೆ. ನಾನು ಡ್ರಾಯಿಂಗ್ ಕಲಿಸುತ್ತಿದ್ದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಅಂಥವರು. ಅರವತ್ತರ ದಶಕದ ಮೊದಲಲ್ಲಿ, ಕೃಷ್ಣಮೂರ್ತಿಪುರಂನ ತಮ್ಮ ಹಿತ್ತಲಲ್ಲಿ, ಮರ, ಬಟ್ಟೆ, ಹಳೇ ಎಂಜಿನ್ನು ಕೂಡಿಸಿ ಒಬ್ಬರು ಕೂರುವಷ್ಟು ವಿಮಾನ ಕಟ್ಟಿದ ಮಹಾನುಭಾವರು. ಕೊರತೆ ಒಂದೇ. ಬಾಲದ ಕೆಳಗಿನ ಪುಟ್ಟ ಚಕ್ರವನ್ನು ಹೊತ್ತಿದ್ದ ಸ್ಪ್ರಿಂಗ್ ಪಟ್ಟಿ, ಮೈದಾನದಲ್ಲಿ ಓಡಿಸಿದಾಗಲೆಲ್ಲ ಮುರಿಯುತ್ತಿತ್ತು.

೧. ಈಳಿಗೆಮಣೆ

ಮುರಿದಾಗಲೆಲ್ಲ ಕುಲುಮೆಯವನು ಹಳೇ ಲಾರಿಯ ಪಟ್ಟಿ ಬಡಿದು ಹೊಸದು ಮಾಡಿಕೊಡುತ್ತಿದ್ದ. ಒಳ್ಳೇ ಉಕ್ಕು ಬಿಸಾಡಲು ಮೇಷ್ಟ್ರ ಹೆಂಡತಿಗೆ ಮನಸ್ಸಾಗದೆ, ಮುರಿದ ತುಂಡಿನಿಂದ ಈಳಿಗೆಮಣೆಗೆ ಅಲಗು ಮಾಡಿಸಿಕೊಂಡರು. ಕುಂಬಳಕಾಯಿ ಬೆಣ್ಣೆಯ ಹಾಗೆ ಹೋಳಾಗುತ್ತಿತ್ತು. ಸುದ್ದಿ ಬೀದಿಗೆಲ್ಲ ಹಬ್ಬಿತು. ಒಂದು ಸಂಜೆ ಪಟ್ಟಿ ಮುರಿಯದೆ ಮೇಷ್ಟ್ರು ಹಿಗ್ಗುತ್ತಾ ಮನೆಗೆ ಬಂದರೆ, ಎದುರುಮನೆಯಾಕೆ ಗೇಟಿನಲ್ಲೇ ಕಾದಿದ್ದರು.

"ಇವತ್ತು ಮುರೀಲಿಲ್ವಾ ಮೇಷ್ಟ್ರೇ? ನಮ್ಮ ನಾದಿನಿಗೊಂದು ಬೇಕಿತ್ತು."

೨. ಪ್ರದಕ್ಷಿಣೆ

ಆಯುಧಪೂಜೆಯ ದಿನ ಮೇಷ್ಟ್ರ ಹೆಂಡತಿ ವಿಮಾನಕ್ಕೂ ಪೂಜೆ ಮಾಡಿ, ಬಾಲದ ಚಕ್ರಕ್ಕೆ ಸೇವಂತಿಗೆ ಹಾರ ಬಿಗಿಯಾಗಿ ಸುತ್ತಿದರು. ಪೂಜೆಯ ಹಾರವನ್ನು ಅವತ್ತೇ ತೆಗೆಯುವಂತಿಲ್ಲ. ಮೈದಾನದಲ್ಲಿ ಎಂಜಿನ್ ಶುರುಮಾಡಿದ್ದೇ ತಡ, ಹಾರದ ದಾರ ಒಳಗೆ ಸಿಕ್ಕಿಕೊಂಡು ಚಕ್ರ ಬಲಕ್ಕೆ ತಿರುಗಿ ನಿಂತುಬಿಟ್ಟಿತು. ಮೇಷ್ಟ್ರು ಎಡಕ್ಕೆ ತಿರುಗಿಸುವ ಪೆಡಲನ್ನು ಎಷ್ಟು ತುಳಿದರೂ ಕೇಳದೆ ವಿಮಾನ ಇದ್ದಲ್ಲೇ ಮೂರು ಸುತ್ತು ಬಲಕ್ಕೆ ತಿರುಗಿತು. ನೋಡಲು ಬಂದವರು ಕೈಮುಗಿದರು. ಬೆವರು ಒರೆಸಿಕೊಳ್ಳುತ್ತ ಇಳಿದ ಗಂಡನಿಗೆ ಆಕೆ ಹೇಳಿದ್ದಿಷ್ಟೇ: "ಅದಕ್ಕಿರೋ ಭಕ್ತಿ ನಿಮಗಿಲ್ಲ ನೋಡಿ."

೩. ಪಾಸು

ಕೊನೆಗೆ ಸರ್ಕಾರದ ಇನ್ಸ್‌ಪೆಕ್ಟರು ಕಾಗದ ಬರೆದರು: ತಾವು ಬಂದು ನೋಡುವಾಗಲೂ ಪಟ್ಟಿ ಮುರಿದರೆ ಹಾರಲು ಅನುಮತಿ ಇಲ್ಲ. ಏಳು ವರ್ಷದ ದುಡಿಮೆ ಒಂದು ಗೇಣು ಕಬ್ಬಿಣದ ಮೇಲೆ ನಿಂತಿತ್ತು. ಮೇಷ್ಟ್ರಿಗೆ ಅನ್ನ ಸೇರದಾಯಿತು.

ವಿಮಾನವನ್ನು ಮೈದಾನಕ್ಕೆ ಎಳೆದೊಯ್ಯುತ್ತಿದ್ದ ಟಾಂಗಾದವರು ಇದನ್ನೆಲ್ಲ ನೋಡುತ್ತಲೇ ಇದ್ದರು. "ಲಾರಿ ಪಟ್ಟಿ ಬಗ್ಗಲ್ಲ ಸ್ವಾಮಿ, ಅದ್ಕೇ ಮುರೀತದೆ. ತೆಳ್ಳಗಿರೋವು ಒಂದರ ಮೇಲೊಂದು ಇರ್ಬೇಕು. ನಾನು ತರ್ತೀನಿ ಬುಡಿ" ಎಂದರು. ಮಾರನೇ ದಿನ ಗೋಣಿತಾಟಿನಲ್ಲಿ ಸುತ್ತಿ ತಂದೂ ಕೊಟ್ಟರು. ಎಲ್ಲಿಯದು ಎಂದು ಕೇಳುವ ವ್ಯವಧಾನ ನಮಗ್ಯಾರಿಗೂ ಇರಲಿಲ್ಲ.

ಅದನ್ನೇ ಬಾಲಕ್ಕೆ ಬಿಗಿದೆವು. ಇನ್ಸ್‌ಪೆಕ್ಟರು ಬಂದು ವಿಮಾನವನ್ನು ಹಳ್ಳ ದಿಣ್ಣೆ ಬಿಡದೆ ಇಪ್ಪತ್ತು ಸಲ ಓಡಿಸಿದರು, ಭೂತಗನ್ನಡಿ ಹಿಡಿದು ಹುಡುಕಿದರು. ಒಂದು ಕೂದಲೆಳೆ ಬಿರುಕೂ ಇಲ್ಲ. ಸೈ ಮಾಡಿದರು. ಮೇಷ್ಟ್ರು ಅತ್ತರು, ನಾನೂ ಅತ್ತೆ.

ಇನ್ಸ್‌ಪೆಕ್ಟರನ್ನು ಸ್ಟೇಷನ್ನಿಗೆ ಬಿಡಲು ಅದೇ ಟಾಂಗಾದಲ್ಲಿ ನಾನೂ ಹತ್ತಿದೆ. ಗಾಡಿ ಒಂದು ಪಕ್ಕಕ್ಕೆ ವಾಲಿತ್ತು. ದಾರಿಯುದ್ದಕ್ಕೂ ಕುಕ್ಕಿದ ಕುಕ್ಕಿಗೆ ಇನ್ಸ್‌ಪೆಕ್ಟರ ಟೋಪಿ ಎರಡು ಸಲ ರಸ್ತೆಗೆ ಬಿತ್ತು. ಮೂರನೇ ಸಲ ಅವರು ತಡೆಯಲಾರದೆ, "ಏನಪ್ಪಾ, ನಿನ್ನ ಗಾಡಿಗೆ ಸ್ಪ್ರಿಂಗೇ ಇಲ್ವೇ?" ಎಂದು ಕೇಳಿದರು.

ಟಾಂಗಾದವರು ಹಿಂದಕ್ಕೂ ತಿರುಗದೆ ಹೇಳಿದರು: "ಇತ್ತು ಸ್ವಾಮಿ. ಈಗ್ತಾನೆ ತಾವು ಪಾಸ್ ಮಾಡಿ ಬಂದ್ರಲ್ಲ, ಅದೇ."